ದೇವರಾಯನದುರ್ಗದ ಹಸಿರು ಹಾವು

ಯೋಗಾನರಸಿಂಹ, ಭೋಗಾನರಸಿಂಹ, ನಾಮದ ಚಿಲುಮೆ: ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋದವರೆಲ್ಲ ಬರೆಯುವುದು ಇವನ್ನೇ. ಈ ಸಲ ಅವೆಲ್ಲ ಬೇಗ ಮುಗಿದವು. ಹೊತ್ತು ಕಳೆದದ್ದು ರಸ್ತೆಯಂಚಿನ ಒಂದು ಬಂದರಿಕೆ ಪೊದೆಯೆದುರು.

ಎದೆಮಟ್ಟದ ಕೊಂಬೆಯಲ್ಲಿ ಹಸಿರು ಹಾವು ಓತಿಕ್ಯಾತದ ಕತ್ತು ಕಚ್ಚಿ ಹಿಡಿದಿತ್ತು. ಕೊಳಕುಮಂಡಲ ಇಲಿಯನ್ನು ಕಚ್ಚಿ ಬಿಟ್ಟು, ಆಮೇಲೆ ವಾಸನೆ ಹಿಡಿದು ಹುಡುಕಿಕೊಂಡು ಹೋಗುತ್ತದೆ. ಇದಕ್ಕೆ ಆ ಸೌಕರ್ಯವಿಲ್ಲ. ವಿಷದ ಹಲ್ಲು ಮೇಲ್ದವಡೆಯ ಹಿಂತುದಿಯಲ್ಲಿ, ಅದೂ ಟೊಳ್ಳಲ್ಲ, ಬರೀ ಗೀರಿನದು. ವಿಷ ಚಿಮ್ಮುವುದಿಲ್ಲ, ಗೀರಿನಗುಂಟ ಜಿನುಗುತ್ತದೆ. ಹಾಗಾಗಿ ದವಡೆ ಸರಿಸುತ್ತ ಬೇಟೆಯನ್ನು ಹಿಂದಕ್ಕೆಳೆದು, ಅದು ಸೋಲುವ ತನಕ ಅಗಿಯುತ್ತಲೇ ಇರಬೇಕು. ಕಣ್ಣಪಾಪೆಯಂತೂ ಬೀಗದ ಕಂಡಿಯನ್ನು ಅಡ್ಡ ಮಲಗಿಸಿದ ಹಾಗೆ. ಮೂತಿಯ ಮೇಲಿನ ತಗ್ಗಿನಗುಂಟ ಎರಡು ಕಣ್ಣೂ ಒಟ್ಟಿಗೆ ಮುಂದೆ ನೋಡುವುದರಿಂದ ಗುರಿಯ ದೂರ ಕರಾರುವಾಕ್ಕು.

ಸೌತೆಕಾಯಿ ಮಾರುವ ಹಿರಿಯರೊಬ್ಬರು ಕೂಗಿದರು: "ದೂರ ನಿಲ್ರೀ, ಕಣ್ಣೇ ಕೀಳ್ತದೆ!"

"ಯಾರಿಗಾದ್ರೂ ಕಿತ್ತಿದೆಯಾ?"

"ನಮ್ಮೂರಾಗೆ ಯಾರ್ಗೂ ಇಲ್ಲ. ಆದ್ರೂ ಅದು ಹಂಗೇ."

ಮುಖದೆತ್ತರದ ಕೊಂಬೆಯಲ್ಲಿ ಕೂರುವ ಹಾವು, ಹತ್ತಿರ ಬಗ್ಗಿದವರ ಮುಖದತ್ತಲೇ ಎರಗೀತು. ನಂಬಿಕೆ ಅಲ್ಲಿಂದ ಹುಟ್ಟಿರಬೇಕು. ಇದು ಮೊಟ್ಟೆಯಿಡದೆ ಮರಿ ಹಾಕುತ್ತದೆ ಎಂದಾಗ ಅವರು, "ಮಂಡಲದ ಹಂಗೆ ಅನ್ನಿ" ಎಂದರು. ಸರಿಯಾದ ಮಾತೇ.

ಅಷ್ಟರಲ್ಲಿ ಕಾರಿನಿಂದಿಳಿದ ಗುಂಪೊಂದು ಫೋಟೋಗಾಗಿ ಕೋಲಿನಿಂದ ಕೊಂಬೆ ಅಲುಗಿಸಿತು. ಹಾವು ಓತಿಕ್ಯಾತವನ್ನು ಉಗುಳಿ, ಮೈ ಉಬ್ಬಿಸಿ, ಹುರುಪೆಗಳ ನಡುವಿನ ಕಪ್ಪು-ಬಿಳಿ ಚರ್ಮ ತೋರಿಸಿ, ಬಾಯಿ ಕಳೆದು ನಿಂತಿತು, ಆಮೇಲೆ ಮಾಯ. ಅದರ ಊಟ ಹಾಳಾಯಿತು. ಕೋಲು ಬೇಡ, ಫ್ಲ್ಯಾಶ್ ಬೇಡ, ಎರಡು ಮಾರು ದೂರ ಸಾಕು. ಮೈ ಉಬ್ಬಿದರೆ ಹಿಂದೆ ಸರಿಯಿರಿ. ಕಚ್ಚಿದರೂ ಸಾಮಾನ್ಯವಾಗಿ ನೋವು, ಊತ, ಅಷ್ಟೇ.

ಆದರೆ ಇದೇ ಧೈರ್ಯವನ್ನು ರಾತ್ರಿ ಬೆಕ್ಕುಗಣ್ಣಿನ ಹಾವಿನ ಮುಂದೆ ತೋರಿಸಬೇಡಿ. ಅದೂ ಹಿಂಬದಿ ಹಲ್ಲಿನ, ಅಲ್ಪ ವಿಷದ ಹಾವೇ. ಆದರೆ ಕಂದು ಮೈ, ಬೆನ್ನಿನ ಅಂಕುಡೊಂಕು ಗುರುತು, ಸುರುಳಿ ಸುತ್ತಿ ಎರಗುವ ಪರಿ ಎಲ್ಲ ಕಡು ವಿಷದ ಗರಗಸಮಂಡಲವನ್ನೇ ಹೋಲುತ್ತವೆ. ಮಂಡಲದ ಹುರುಪೆ ಒರಟು, ಬೆಕ್ಕುಗಣ್ಣಿನದು ನಯ. ಟಾರ್ಚ್ ಬೆಳಕಿನಲ್ಲಿ ಅದು ಗೊತ್ತಾಗುವುದಿಲ್ಲ. ಯಾವುದೆಂದು ತಿಳಿಯದೆ ಕಚ್ಚಿಸಿಕೊಂಡರೆ ಕಟ್ಟುವುದು, ಕುಯ್ಯುವುದು ಬಿಟ್ಟು, ಕಚ್ಚಿದ ಭಾಗ ಅಲುಗಾಡದಂತೆ ಇಟ್ಟುಕೊಂಡು ನೇರ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ.