ನಟಿಸಿದ್ದು ಸಾಲದೇ, ಬರೀಲೂ ಬೇಕಾ?

ಒಂದು ಹವ್ಯಾಸಿ ತಂಡದಲ್ಲಿ ನಾನು ತುಂಬ ವರ್ಷ ಪ್ರಾಂಪ್ಟರ್ ಆಗಿದ್ದೆ. ಅಂದರೆ ಸೈಡ್‌ವಿಂಗ್‌ನಲ್ಲಿ ಸ್ಕ್ರಿಪ್ಟ್ ಹಿಡಿದು ನಿಂತು, ಯಾರಾದರೂ ಮಾತು ಮರೆತರೆ ಮುಂದಿನ ಪದ ಪಿಸುಗುಟ್ಟುವವಳು. ಆ ಕೆಲಸದ ಜೊತೆಗೆ ಒಂದು ಚಟವೂ ಅಂಟಿಕೊಂಡಿತು. ನಟಿಯರು ಬರೆದ ಪುಸ್ತಕ ಎಲ್ಲಿ ಕಂಡರೂ ಕೊಳ್ಳುತ್ತೇನೆ. ಓದಿ, ಸಿಕ್ಕವರ ಕೈಗೆಲ್ಲ ತುರುಕುತ್ತೇನೆ. ಹಾಗಾಗಿ ಒಂದು ಪ್ರಶ್ನೆ ನನ್ನ ಬೆನ್ನು ಬಿಡುವುದೇ ಇಲ್ಲ. "ಅಲ್ಲ, ನಾಟಕ ಮಾಡಿದರು, ಸಿನಿಮಾ ಮಾಡಿದರು, ಸೀರಿಯಲ್ಲೂ ಆಯಿತು, ಹೆಸರೂ ಬಂತು. ಇನ್ನು ಪುಸ್ತಕ ಯಾಕೆ ಬರೀಬೇಕು?" ಕೆಲವರು ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಾರೆ. ಕೆಲವರ ದನಿಯಲ್ಲಿ ಸಣ್ಣ ನಗು ಇರುತ್ತದೆ, ವಯಸ್ಸಾಯ್ತು, ಪಾತ್ರ ಸಿಗ್ತಿಲ್ಲ, ಅದಕ್ಕೇ ಪೆನ್ನು ಹಿಡಿದರು ಅನ್ನುವ ಹಾಗೆ.

ನನ್ನ ಉತ್ತರ ಚಿಕ್ಕದು. ಬರೆಯದಿದ್ದರೆ ಅವರು ಮಾಡಿದ ಕೆಲಸದ ಮುಕ್ಕಾಲು ಪಾಲು ಕಾಣೆಯಾಗುತ್ತದೆ. ಆದರೆ ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಟಕ ಮುಗಿದ ಮೇಲೆ ಏನು ಉಳಿಯುತ್ತದೆ ಹೇಳಿ. ಬಣ್ಣ ಒರೆಸಿದ ಹತ್ತಿ, ನಾಲ್ಕು ಫೋಟೊ, ಒಂದು ಕರಪತ್ರ. ನಾಟಕಕಾರರ ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ. ನಿರ್ದೇಶಕರ ಹೆಸರು ಪೇಪರಿನ ವಿಮರ್ಶೆಯಲ್ಲಿ ಇರುತ್ತದೆ. ಆದರೆ ಎರಡನೇ ಅಂಕದಲ್ಲಿ ಆಕೆ ತಲೆ ಎತ್ತದೆ ಆಡಿದ ಒಂದು ಮಾತಿಗೆ ಇಡೀ ಸಭೆ ಉಸಿರು ಹಿಡಿದು ಕೂತಿತ್ತಲ್ಲ, ಅದು ಎಲ್ಲಿದೆ? ಮಾರನೇ ದಿನದ ಶೋದಲ್ಲೇ ಅದು ಬೇರೆಯಾಗಿರುತ್ತದೆ.

ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಪೂರಾ ಹೆಂಗಸರ ತಂಡ, ಗಂಡು ಪಾತ್ರಗಳೂ ಅವರವೇ. ಒಂದು ಕಾಲಕ್ಕೆ ಗಂಡಸರೇ ಸೀರೆ ಉಟ್ಟು ಹೆಣ್ಣುಪಾತ್ರ ಮಾಡುತ್ತಿದ್ದ ನಾಡಿನಲ್ಲಿ ಇದು ಪೂರ್ತಿ ಉಲ್ಟಾ. ಅವರ ಕಂಸನ ಪಾತ್ರದ ಬಗ್ಗೆ ನೋಡಿದವರು ಇವತ್ತಿಗೂ ಕೈ ಆಡಿಸಿಕೊಂಡು ಹೇಳುತ್ತಾರೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಪ್ರಶಸ್ತಿಯ ಹೆಸರು ಎಲ್ಲ ಕಡೆ ಬರೆದಿದೆ. ಆ ಕಂಸ ಹೇಗೆ ನಡೆಯುತ್ತಿದ್ದ, ಆ ಗತ್ತನ್ನು ಒಬ್ಬ ಹೆಂಗಸು ಎಲ್ಲಿಂದ ತಂದುಕೊಂಡಳು, ತಂಡದ ಅಷ್ಟೂ ಹೆಣ್ಣುಮಕ್ಕಳು ಮನೆ ಬಿಟ್ಟು ಊರೂರು ತಿರುಗುವಾಗ ಮಕ್ಕಳನ್ನು ಯಾರು ನೋಡಿಕೊಂಡರು, ನನಗೆ ಬೇಕಿರುವುದು ಇದು. ಇದನ್ನು ಪ್ರಶಸ್ತಿ ಪತ್ರದಲ್ಲಿ ಯಾರೂ ಬರೆಯುವುದಿಲ್ಲ.

ಸಿನಿಮಾ ಇದೆಯಲ್ಲ, ಅದರಲ್ಲಿ ಉಳಿಯುತ್ತದಲ್ಲ ಎನ್ನುತ್ತೀರಿ. ಉಳಿಯುತ್ತದೆ, ಆದರೆ ಏನು ಉಳಿಯುತ್ತದೆ? ಕ್ಯಾಮೆರಾ ಕೇಳಿದಷ್ಟು.

ಭಾರ್ಗವಿ ನಾರಾಯಣ್ ಅವರನ್ನೇ ನೋಡಿ. ಹುಟ್ಟಿದ್ದು 1938ರಲ್ಲಿ, ಹೋಗಿದ್ದು 2022ರ ಫೆಬ್ರವರಿಯಲ್ಲಿ. 'ಎರಡು ಕನಸು', 'ಪಲ್ಲವಿ ಅನುಪಲ್ಲವಿ' ನೋಡಿದವರಿಗೆ ಮುಖ ಗೊತ್ತು. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ಕಾಲದವರಿಗಂತೂ ಅವರು ಪಕ್ಕದ ಮನೆಯವರ ಹಾಗೆ. ತೆರೆಯ ಮೇಲೆ ಅಮ್ಮ, ಅತ್ತೆ, ಅಜ್ಜಿ. ಇಷ್ಟನ್ನೇ ನೋಡಿ ಇವರ ವೃತ್ತಿಜೀವನ ಹೀಗಿತ್ತು ಎಂದರೆ ತಪ್ಪಾಗುತ್ತದೆ. ಯಾಕೆಂದರೆ ಆಕೆಯ ದಿನ ಹೇಗಿತ್ತು ನೋಡಿ. ಇಎಸ್‌ಐ ಕಾರ್ಪೊರೇಷನ್ನಿನಲ್ಲಿ ಉದ್ಯೋಗ, ಅದೂ ಮ್ಯಾನೇಜರ್. ಮನೆಯಲ್ಲಿ ನಾಲ್ಕು ಮಕ್ಕಳು. ಗಂಡ ಬೆಳವಾಡಿ ನಂಜುಂಡಯ್ಯ ನಾರಾಯಣ, ಎಲ್ಲರ ಬಾಯಲ್ಲಿ ಮೇಕಪ್ ನಾಣಿ, ಊರಿನ ಮುಖಗಳಿಗೆಲ್ಲ ಬಣ್ಣ ಹಚ್ಚಿದವರು, ತಾವೂ ನಟರು. ಇದರ ನಡುವೆ ರಿಹರ್ಸಲ್, ನಾಟಕ. ಅದೂ ಸಾಲದು ಅಂತ ಆಕಾಶವಾಣಿಗೆ ಹೆಂಗಸರ, ಮಕ್ಕಳ ಕಾರ್ಯಕ್ರಮಗಳಿಗೆ ನಾಟಕ ಬರೆದು ಮಾಡಿಸುವುದು.

ರೇಡಿಯೋ ನಾಟಕ ಬರೆದವರ ಕೈ ಬೇರೆಯೇ ಇರುತ್ತದೆ ಅನ್ನುವುದು ನನ್ನ ನಂಬಿಕೆ. ಅಲ್ಲಿ ಮುಖ ಇಲ್ಲ, ಸೀರೆ ಇಲ್ಲ, ಲೈಟ್ ಇಲ್ಲ. ಬಾಗಿಲು ತೆಗೆದವರು ಅತ್ತೆಯೋ ಸೊಸೆಯೋ ಅನ್ನುವುದು ಮೊದಲ ಮೂರು ಪದದಲ್ಲೇ ಗೊತ್ತಾಗಬೇಕು. "ಯಾರದು?" ಅಂದರೆ ಒಬ್ಬರು, "ಬಂದ್ಯಾ, ಬಾ" ಅಂದರೆ ಇನ್ನೊಬ್ಬರು. ಇದನ್ನು ಕಲಿತವರು ನೆನಪುಗಳನ್ನು ಬರೆಯಲು ಕೂತಾಗ ಸುಮ್ನೆ ವರ್ಣನೆ ಮಾಡಿಕೊಂಡು ಕೂರುವುದಿಲ್ಲ. ಜನರನ್ನು ಮಾತಾಡಿಸಿಬಿಡುತ್ತಾರೆ.

ಭಾರ್ಗವಿ ಅವರ ಒಂದು ಪುಸ್ತಕದ ಹೆಸರು 'ನಾ ಕಂಡ ನಮ್ಮವರು'. ಈ ಹೆಸರನ್ನು ನಾನು ಎಷ್ಟು ಸಲ ಬಾಯಲ್ಲಿ ಹೊರಳಿಸಿದ್ದೇನೋ. 'ನಾನು' ಅನ್ನುವುದು ಒಂದೇ ಅಕ್ಷರಕ್ಕೆ ಇಳಿದಿದೆ, ಉಳಿದ ಜಾಗವೆಲ್ಲ ನಮ್ಮವರಿಗೆ. ಇದರ ಪಕ್ಕಕ್ಕೆ ಗುಬ್ಬಿ ನಾಟಕ ಕಂಪನಿಯ ಯಜಮಾನರಾದ ಗುಬ್ಬಿ ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ'ವನ್ನು ಇಟ್ಟು ನೋಡಿ. ಯಜಮಾನರ ಹೆಸರಿಡುವಿಕೆ ಅದು, ಘನವಾದ್ದು, ಬಾಗಿಲ ಮೇಲೆ ಬರೆಸುವಂಥದ್ದು. ಅದೇ ಮನೆಯ ಮೊಮ್ಮಗಳು ಬಿ. ಜಯಶ್ರೀ ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ಕಣ್ಣಾಮುಚ್ಚೇ ಕಾಡೇ ಗೂಡೇ'. ಮಕ್ಕಳು ಕಣ್ಣು ಮುಚ್ಚಿ ಆಡುವ ಆಟದ ಸಾಲು! ಒಂದೇ ಕಂಪನಿ, ತಾತ ಮತ್ತು ಮೊಮ್ಮಗಳು, ಎರಡು ಹೆಸರು. ಯಜಮಾನರು ಒಬ್ಬರೇ ಬರೆದಿದ್ದರೆ ನಮಗೆ ಒಂದು ಬಾಗಿಲಿನಿಂದ ಮಾತ್ರ ಕಂಪನಿ ಕಾಣುತ್ತಿತ್ತು, ಅಲ್ವಾ?

ಜಯಶ್ರೀ ಅವರ ವಿಷಯದಲ್ಲಿ ನನ್ನ ವಾದ ಇನ್ನೂ ಗಟ್ಟಿ. 1973ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದವರು, 1976ರಲ್ಲಿ 'ಸ್ಪಂದನ' ತಂಡ ಕಟ್ಟಿದವರು. ಕಂಬಾರರ 'ಕರಿಮಾಯಿ'ಯನ್ನು ರಂಗಕ್ಕೆ ತಂದವರು. ಸಿನಿಮಾದಲ್ಲಿ 'ನಾಗಮಂಡಲ'ದ ಕುರುಡವ್ವನನ್ನು ಯಾರೂ ಮರೆತಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅವರು ಎಷ್ಟೋ ಕನ್ನಡ ಸಿನಿಮಾಗಳಲ್ಲಿ ಬೇರೆ ನಾಯಕಿಯರಿಗೆ ಕಂಠದಾನ ಮಾಡಿದ್ದಾರೆ. ನೀವು ತೆರೆಯ ಮೇಲೆ ಒಬ್ಬರ ಮುಖ ನೋಡಿ ಅತ್ತಿರುತ್ತೀರಿ, ಅಳಿಸಿದ್ದು ಇವರ ದನಿ. ಆ ಕೆಲಸಕ್ಕೆ ಫೋಟೊ ಇಲ್ಲ, ಪೋಸ್ಟರ್ ಇಲ್ಲ. ಕತ್ತಲ ಡಬ್ಬಿಂಗ್ ರೂಮಿನಲ್ಲಿ ಇನ್ನೊಬ್ಬರ ತುಟಿಗೆ ಮಾತು ಹೊಂದಿಸುತ್ತ ನಿಂತಿದ್ದ ಆ ಗಂಟೆಗಳನ್ನು ಅವರೇ ಹೇಳದಿದ್ದರೆ ಬೇರೆ ಯಾರು ಹೇಳುತ್ತಾರೆ?

ಇಂಥ ಆತ್ಮಕಥೆಗಳನ್ನು ಕಂಡರೆ "ಅದು ಅವರೇ ಬರೆದದ್ದಲ್ಲ, ಹೇಳಿ ಬರೆಸಿದ್ದು" ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಅದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ದನಿಯಲ್ಲಿ ಬದುಕಿದವರು ದನಿಯಲ್ಲೇ ಬರೆಯುತ್ತಾರೆ, ಅಷ್ಟೇ. ಮರಾಠಿಯ ಹಂಸಾ ವಾಡ್ಕರ್ ಅವರ ಆತ್ಮಕಥೆಯ ಹೆಸರೇ 'ಸಾಂಗತ್ಯೇ ಐಕಾ', ಹೇಳ್ತೀನಿ ಕೇಳಿ ಅಂತ. ಅದು ಅವರೇ ನಟಿಸಿದ್ದ 1959ರ ಸಿನಿಮಾದ ಹೆಸರು ಕೂಡ. ಆ ಪುಸ್ತಕದಿಂದಲೇ 1977ರಲ್ಲಿ ಶ್ಯಾಮ್ ಬೆನೆಗಲ್ 'ಭೂಮಿಕಾ' ಮಾಡಿದ್ದು. ಮೊದಲು ಸಿನಿಮಾ, ಅದರಿಂದ ಪುಸ್ತಕದ ಹೆಸರು, ಪುಸ್ತಕದಿಂದ ಮತ್ತೆ ಸಿನಿಮಾ.

ನನಗೆ ಸಿಟ್ಟು ಬರುವುದು ನಟಿ ಹೇಳಿದ್ದನ್ನು ಕೂತು ಬರೆದುಕೊಳ್ಳುವವರ ಮೇಲೆ. ಆಕೆ "ಅವತ್ತು ಹೊಟ್ಟೆಗೆ ಏನೂ ಇರಲಿಲ್ಲ, ಹಂಗೇ ಸ್ಟೇಜಿಗೆ ಹೋದೆ" ಎಂದು ಹೇಳಿರುತ್ತಾರೆ. ಅಚ್ಚಾಗುವ ಹೊತ್ತಿಗೆ ಅದು "ಉಪವಾಸದಲ್ಲಿಯೂ ಕಲಾದೇವಿಯ ಆರಾಧನೆಯನ್ನು ಬಿಡಲಿಲ್ಲ" ಎಂದಾಗಿರುತ್ತದೆ. ಹಸಿವು ಎಲ್ಲಿ ಹೋಯ್ತು ಸ್ವಾಮಿ? ಇನ್ನು ಕೆಲವು ಪುಸ್ತಕಗಳಲ್ಲಿ ಅರ್ಧ ಪುಟಗಳು ಸನ್ಮಾನದ ಫೋಟೊಗಳು, ಶಾಲು, ಹಾರ, ಫಲತಾಂಬೂಲ. ಸಂಭಾವನೆ ಎಷ್ಟು ಸಿಗುತ್ತಿತ್ತು, ಕೊಡದೆ ಎಷ್ಟು ಸಲ ಕೈ ಎತ್ತಿದರು, ರಾತ್ರಿ ಶೋ ಮುಗಿದ ಮೇಲೆ ಮನೆಗೆ ಹೇಗೆ ಹೋಗುತ್ತಿದ್ದರು, ಇದು ಒಂದು ಸಾಲೂ ಇರುವುದಿಲ್ಲ. ಅಂಥ ಪುಸ್ತಕವನ್ನು ನಾನು ಯಾರಿಗೂ ಕೊಡುವುದಿಲ್ಲ. ಎಲ್ಲ ನಟಿಯರೂ ಚೆನ್ನಾಗಿಯೇ ಬರೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ, ಗೊತ್ತಾಯಿತಲ್ಲ.

ಬರೆದು ಏನಾಯಿತು, ಏನಾದರೂ ಬದಲಾಯಿತಾ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅದಕ್ಕೆ ನಾನು ಬಂಗಾಳದ ಕಥೆ ಹೇಳುತ್ತೇನೆ. ವಿನೋದಿನಿ ದಾಸಿ ಅಂತ ಒಬ್ಬ ನಟಿ. ಚಿಕ್ಕ ಹುಡುಗಿಯಾಗಿದ್ದಾಗಲೇ, 1874ರಲ್ಲಿ, ಕಲ್ಕತ್ತದ ರಂಗಕ್ಕೆ ಬಂದರು. ವೇಶ್ಯೆಯರ ಮನೆಯಲ್ಲಿ ಹುಟ್ಟಿದವರು, ಆ ಕಾಲಕ್ಕೆ ಬಂಗಾಳದಲ್ಲಿ ನಟಿಯರು ಬರುತ್ತಿದ್ದುದೇ ಅಲ್ಲಿಂದ. ಸುಮಾರು 12 ವರ್ಷ ನಟಿಸಿ, ಇಪ್ಪತ್ತೈದು ತುಂಬುವ ಮೊದಲೇ ಬಿಟ್ಟುಬಿಟ್ಟರು. 'ಚೈತನ್ಯಲೀಲಾ'ದಲ್ಲಿ ಅವರ ಚೈತನ್ಯನ ಪಾತ್ರ ನೋಡಿ ರಾಮಕೃಷ್ಣ ಪರಮಹಂಸರು ಆಶೀರ್ವಾದ ಮಾಡಿದ ಕಥೆ ಎಲ್ಲರೂ ಹೇಳುತ್ತಾರೆ. ನಾನು ಹೇಳಬೇಕೆಂದಿದ್ದು ಅದಲ್ಲ.

1883ರಲ್ಲಿ ಅವರ ತಂಡಕ್ಕೆ ಒಂದು ಹೊಸ ರಂಗಮಂದಿರ ಬೇಕಾಗಿತ್ತು. ದುಡ್ಡು ಹಾಕಲು ಬಂದ ಶ್ರೀಮಂತನ ಕಣ್ಣು ವಿನೋದಿನಿಯ ಮೇಲೆ. ತಂಡದವರ ಒತ್ತಾಯಕ್ಕೆ ಆಕೆ ಒಪ್ಪಿಕೊಂಡರು, ಕಟ್ಟಡ ಎದ್ದಿತು. ಅದಕ್ಕೆ ಆಕೆಯ ಹೆಸರಿಡುತ್ತೇವೆ ಎಂದು ಮಾತು ಕೊಟ್ಟಿದ್ದರು. ನೋಂದಣಿ ಮಾಡಿಸಿ ಬಂದಾಗ ಹೆಸರು 'ಸ್ಟಾರ್' ಆಗಿತ್ತು. ಅಂಥ ಹೆಂಗಸಿನ ಹೆಸರಿಟ್ಟರೆ ಮರ್ಯಾದಸ್ಥರು ನಾಟಕಕ್ಕೆ ಬರುವುದಿಲ್ಲವಂತೆ. ಇದನ್ನೆಲ್ಲ ಆಕೆ 1912ರಲ್ಲಿ 'ಅಮಾರ್ ಕಥಾ', ಅಂದರೆ 'ನನ್ನ ಕಥೆ', ಎಂಬ ಪುಸ್ತಕದಲ್ಲಿ ಬರೆದಿಟ್ಟರು. ಯಾರನ್ನೂ ಬೈಯದೆ, ಆದರೆ ಏನನ್ನೂ ಮರೆಯದೆ. ಕವಿತೆಗಳನ್ನೂ ಬರೆದರು. 1941ರಲ್ಲಿ ತೀರಿಕೊಂಡರು.

2024ರ ಡಿಸೆಂಬರ್ ಕೊನೆಯಲ್ಲಿ ಕೋಲ್ಕತ್ತದ ಸ್ಟಾರ್ ಥಿಯೇಟರಿಗೆ ವಿನೋದಿನಿ ಹೆಸರಿಡುವುದಾಗಿ ಅಲ್ಲಿನ ಮುಖ್ಯಮಂತ್ರಿ ಹೇಳಿದರು. ಈಗಿರುವುದು ಆ 1883ರ ಕಟ್ಟಡ ಅಲ್ಲ, ಅದು ಬೇರೆ ಮಾತು. ಕೊಟ್ಟ ಮಾತು ತೀರಲು 141 ವರ್ಷ ಬೇಕಾಯಿತು. ಆ ಮಾತು ಕೊಟ್ಟಿದ್ದರು ಅನ್ನುವುದು ಇಷ್ಟು ವರ್ಷ ನೆನಪಿನಲ್ಲಿ ಉಳಿದದ್ದಕ್ಕೆ ಆ ಪುಸ್ತಕವೇ ದೊಡ್ಡ ಕಾರಣ.

ಇನ್ನೊಂದು ವಿಷಯ ಇದೆ, ಇದನ್ನು ಪ್ರಾಂಪ್ಟರ್‌ಗಳಷ್ಟೇ ಬಲ್ಲರು. ನಟಿಯರು ಪುಸ್ತಕ ಬರೆಯುವುದಕ್ಕೆ ಎಷ್ಟೋ ಮೊದಲೇ ಬರೆಯಲು ಶುರು ಮಾಡಿರುತ್ತಾರೆ, ರಂಗದ ಮೇಲೆ ನಿಂತುಕೊಂಡೇ. ನಮ್ಮ ತಂಡದಲ್ಲಿ ಒಬ್ಬ ಹಿರಿಯ ನಟಿ ಇದ್ದರು. ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. ಒಂದು ಶೋದಲ್ಲಿ ಎದುರಿನ ನಟ ಗಾಬರಿಯಲ್ಲಿ ಒಂದು ಇಡೀ ಪುಟ ಹಾರಿಸಿಬಿಟ್ಟ. ಆ ಪುಟದಲ್ಲೇ ಮಗ ಊರು ಬಿಡುವ ಸುದ್ದಿ ಇತ್ತು. ಅದಿಲ್ಲದೆ ಮುಂದಿನ ದೃಶ್ಯಕ್ಕೆ ಅರ್ಥವೇ ಇಲ್ಲ. ನಾನು ವಿಂಗ್‌ನಿಂದ ಪಿಸುಗುಟ್ಟಿದೆ, ಅವನಿಗೆ ಕೇಳಲಿಲ್ಲ. ಅಮ್ಮ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಹೋಗಿ ದೀಪದ ಬತ್ತಿ ಸರಿ ಮಾಡುತ್ತಾ, ಅವನ ಕಡೆ ನೋಡದೆ, ನಾಲ್ಕು ಮಾತು ಆಡಿದರು. ಮಗ ಹೊರಟಿರುವುದು ಅವಳಿಗೆ ಮೊದಲೇ ಗೊತ್ತು ಅನ್ನುವ ಹಾಗೆ. ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು. ದೃಶ್ಯ ನಿಂತುಕೊಂಡಿತು. ನಿಂತಿದ್ದಷ್ಟೇ ಅಲ್ಲ, ಬರೆದದ್ದಕ್ಕಿಂತ ಚೆನ್ನಾಗಿತ್ತು. ಸಭೆಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಮುಗಿದ ಮೇಲೆ ಗ್ರೀನ್‌ರೂಮಿನಲ್ಲಿ ಕೇಳಿದೆ, "ಅಮ್ಮಾ, ಇದನ್ನೆಲ್ಲ ನೀವು ಯಾಕೆ ಬರೆದಿಡಬಾರದು?" ಅವರು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. "ಅಯ್ಯೋ, ನಂಗೆಲ್ಲಿ ಬರೆಯೋಕೆ ಬರುತ್ತೆ, ನೀನೇ ಬರ್ಕೊ ಹೋಗು" ಎಂದು ನಕ್ಕರು. ಕೆಲವು ವರ್ಷಕ್ಕೆ ತೀರಿಕೊಂಡರು. ಅವರ ಪುಸ್ತಕ ಬರಲೇ ಇಲ್ಲ.

ಆ ಸ್ಕ್ರಿಪ್ಟ್ ಇನ್ನೂ ನನ್ನ ಹತ್ತಿರ ಇದೆ. ಮೊನ್ನೆ ತೆಗೆದು ನೋಡಿದೆ. ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ನಾನೇ ಬರೆದುಕೊಂಡಿದ್ದೇನೆ: "ಇಲ್ಲಿ ಅಮ್ಮ ಬೇರೆ ಹೇಳಿದರು. ತುಂಬ ಚೆನ್ನಾಗಿತ್ತು." ಏನು ಹೇಳಿದರು ಅಂತ ಬರೆದುಕೊಂಡಿಲ್ಲ.