ಅಡ್ಡಡ್ಡ ಬರೆದ ಕಾಗದ

ಜೂನ್ 16, 2024, ಭಾನುವಾರ

ಬೆಳಗ್ಗೆಯಿಂದ ಒಂದೇ ಕಾಗದದ ಮುಂದೆ ಕೂತಿದ್ದೇನೆ. ಹಳೇ ಕೈಬರಹದ ಪತ್ರಗಳನ್ನು ಓದಿ ಟೈಪ್ ಮಾಡಿಕೊಡುವ ಈ ಬಿಟ್ಟಿ ಚಾಕರಿ ಹಿಡಿದು ವರ್ಷ ದಾಟಿತು, ಇವತ್ತಿನಷ್ಟು ಕಣ್ಣು ಉರಿದದ್ದಿಲ್ಲ. ಫಿಲಡೆಲ್ಫಿಯಾ, 1864ರ ಜೂನ್. ಪುಟ ತುಂಬಿದ ಮೇಲೆ ಪುಣ್ಯಾತ್ಗಿತ್ತಿ ಹೊಸ ಹಾಳೆ ತೆಗೆದುಕೊಂಡಿಲ್ಲ. ಅದೇ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದದ್ದರ ಮೇಲೆಯೇ ಬರೆದಿದ್ದಾಳೆ. ಕಾಗದ ಉಳಿಸುವುದಕ್ಕೆ ಆಗ ಹಾಗೆ ಮಾಡುತ್ತಿದ್ದರು. ನನ್ನ ಪರದೆಯ ಮೇಲೆ ಅದು ಮೀನುಬಲೆ.

ವಿಷಯ ಇಷ್ಟೇ: ಫೇರ್ ನಡೀತಿದೆ, ಬಾ.

ಯಾವ ಫೇರ್ ಎಂದು ಕೇಳಬೇಕಾಗಿಲ್ಲ. ಲೋಗನ್ ಸ್ಕ್ವೇರಿನಲ್ಲಿ ಜೂನ್ 7ರಿಂದ 28ರವರೆಗೆ ನಡೆದ ಗ್ರೇಟ್ ಸೆಂಟ್ರಲ್ ಫೇರ್. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡಿಗೆ ಸತ್ತವರಿಗಿಂತ ಭೇದಿ, ಜ್ವರಗಳಿಗೆ ಸತ್ತ ಸೈನಿಕರೇ ಹೆಚ್ಚು. ಶಿಬಿರಗಳ ಶುಚಿ, ಗಾಯಾಳುಗಳ ಊಟ, ಬಟ್ಟೆ, ಔಷಧಿ ನೋಡಿಕೊಳ್ಳಲು 1861ರಲ್ಲಿ ಸ್ಯಾನಿಟರಿ ಕಮಿಷನ್ ಹುಟ್ಟಿತು. ಅದಕ್ಕೆ ದುಡ್ಡು ಕೂಡಿಸಲು ಊರೂರಲ್ಲಿ ಇಂಥ ಮೇಳ. ದೊಡ್ಡ ಮಟ್ಟದಲ್ಲಿ ಶುರು ಹಚ್ಚಿದ್ದು 1863ರಲ್ಲಿ ಶಿಕಾಗೋದ ಹೆಂಗಸರು, ಮೇರಿ ಲಿವರ್ಮೋರ್ ಮತ್ತು ಜೇನ್ ಹೋಗ್. ಅಲ್ಲಿಗೆ ಲಿಂಕನ್ ಗುಲಾಮಗಿರಿ ವಿಮೋಚನೆಯ ಘೋಷಣೆಯ ತಮ್ಮ ಕೈಬರಹದ ಪ್ರತಿಯನ್ನೇ ಕೊಟ್ಟರು, 3,000 ಡಾಲರಿಗೆ ಹೋಯಿತು. 1871ರ ಶಿಕಾಗೋ ಬೆಂಕಿಯಲ್ಲಿ ಅದು ಸುಟ್ಟೂಹೋಯಿತು. ಫಿಲಡೆಲ್ಫಿಯಾದ ಮೇಳಕ್ಕೆ ಘೋಷಣೆಯ 48 ಅಚ್ಚುಪ್ರತಿಗಳಿಗೆ ಸಹಿ ಹಾಕಿದರು. ಒಂದಕ್ಕೆ 10 ಡಾಲರ್. ಎಲ್ಲವೂ ಮಾರಾಟವಾಗಲಿಲ್ಲ! ಆ ಜನರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮೇಳ ಕೂಡಿಸಿದ್ದು ಮಾತ್ರ 10 ಲಕ್ಷ ಡಾಲರಿಗೂ ಮೇಲೆ.

ನನ್ನ ಪತ್ರದವಳಿಗೆ ಇದ್ಯಾವುದೂ ಅಷ್ಟು ಮುಖ್ಯವಲ್ಲ. ಚಿತ್ರಶಾಲೆಗೆ ಒಂದು ಸಾಲು, ಹಳೇ ಕಾಲದ ಅಡುಗೆಮನೆಯ ಹಾಗೆ ಸಜ್ಜು ಮಾಡಿದ ಊಟದ ಜಾಗಕ್ಕೆ ಒಂದೂವರೆ. ಉಳಿದದ್ದೆಲ್ಲ ಹಾಸಿಗೆಯ ಲೆಕ್ಕ. ಮನೆಯಲ್ಲಿ ಆಗಲೇ ನೆಂಟರು ತುಂಬಿದ್ದಾರೆ, ಆದರೂ ನಿನಗೆ ನನ್ನ ಮಂಚದಲ್ಲೇ ಜಾಗ, ಗೋಡೆ ಕಡೆಯದು ನಿನ್ನದು, ಮೊದಲಿನ ಹಾಗೆ. ಒಳ್ಳೆ ಬಟ್ಟೆ ಇಲ್ಲ ಅಂತ ನೆವ ಹೇಳಬೇಡ, ನನ್ನ ಬೂದುಬಣ್ಣದ್ದು ಉಟ್ಟುಕೋ, ಉದ್ದ ಆದರೆ ಮಡಿಸಿ ಹೊಲಿಯೋಣ. ಜಾತ್ರೆಯ ಹೆಸರಲ್ಲಿ ಗೆಳತಿಯನ್ನು ಕರೆಸಿಕೊಳ್ಳುವ ಈ ಹುನ್ನಾರ ನನಗೆ ಹೊಸದಲ್ಲ.

ಅಡ್ಡಸಾಲುಗಳಿಗೆ ಬಂದಾಗ ದನಿ ಬೇರೆ. ವರ್ಜೀನಿಯಾದ ಕೋಲ್ಡ್ ಹಾರ್ಬರಿನ ಘೋರ ಕಾಳಗದ ಸುದ್ದಿ ಬಂದಿದೆ, ಪೇಪರಿನಲ್ಲಿ ಸತ್ತವರ, ಗಾಯಾಳುಗಳ ಹೆಸರುಗಳ ಪಟ್ಟಿ ಓದಲು ಅಪ್ಪನೇ ಹೊರಗೆ ಹೋಗುತ್ತಾನೆ, ನಮ್ಮ ಕೈಗೆ ಕೊಡುವುದಿಲ್ಲ. ಇಷ್ಟು ಹೇಳಿ ತಟ್ಟನೆ ಸ್ಟ್ರಾಬೆರಿ ಹಣ್ಣಿನ ಮಾತು. ಪಕ್ಕದಲ್ಲಿ ಗೆಳತಿಯೊಬ್ಬಳು ಬೇಕೆನಿಸಿದ್ದು ಇದಕ್ಕೇ ಇರಬೇಕು.

ನಿಲ್ದಾಣದಿಂದ ಕುದುರೆ ಟ್ರಾಮ್ ಹತ್ತಿಬಿಡು, ಮನೆ ಹತ್ತಿರವೇ ಇಳಿಸುತ್ತಾನೆ ಎಂದೂ ಇದೆ. ಟೈಪ್ ಮಾಡುತ್ತಾ ಕೈ ನಿಂತಿತು. ಆ ವರ್ಷ ಆ ಊರಿನ ಹೆಚ್ಚಿನ ಟ್ರಾಮ್‌ಗಳಲ್ಲಿ ಕಪ್ಪು ಜನರನ್ನು ಒಳಗೆ ಕೂರಿಸಿಕೊಳ್ಳುತ್ತಿರಲಿಲ್ಲ. ಊರ ಹೊರಗಿನ ಕ್ಯಾಂಪ್ ವಿಲಿಯಂ ಪೆನ್‌ನಲ್ಲಿ ಅವರದೇ ಗಂಡುಮಕ್ಕಳು ಇದೇ ಯುದ್ಧಕ್ಕೆ ಕವಾಯತು ಮಾಡುತ್ತಿದ್ದರು. ನೋಡಲು ಹೊರಟ ತಾಯಂದಿರಿಗೆ ನಡಿಗೆಯೇ ಗತಿ. ಆ ಊರಿನ ಕಪ್ಪು ಮುಖಂಡ ವಿಲಿಯಂ ಸ್ಟಿಲ್ ಮೊದಲಾದವರು ವರ್ಷಗಟ್ಟಲೆ ಜಗಳವಾಡಿದ ಮೇಲೆ, 1867ರಲ್ಲಿ ಈ ಭೇದ ನಿಷೇಧಿಸುವ ಕಾನೂನು ಬಂತು. ನನ್ನ ಹುಡುಗಿಗೆ ಇದು ತಲೆಗೇ ಬಂದಿಲ್ಲ. ಬೈಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಲಿಂಕನ್ ಮೇಳಕ್ಕೆ ಬಂದದ್ದು ಜೂನ್ 16ಕ್ಕೆ, ಇವತ್ತಿಗೆ ಸರಿಯಾಗಿ 160 ವರ್ಷ. ಆ ದಿನ ಈ ಇಬ್ಬರೂ ಆ ಗುಂಪಿನಲ್ಲಿ ತಳ್ಳಾಡುತ್ತಿದ್ದರೋ ಏನೋ ಎಂದು ಮುಂದಿನ ಪತ್ರ ತೆರೆದೆ. ಅದು ಸೆಪ್ಟೆಂಬರಿನದು, ಪೂರ್ತಿ ಯಾರದೋ ಮದುವೆಯ ಸುದ್ದಿ.

ಕೊನೆಗೆ ಅಂಚಿನಲ್ಲಿ ಒಂದು ಸಾಲು: ಯಾವ ರೈಲಿಗೆ ಬರುತ್ತೀ ಅಂತ ಇಂಥ ದಿನದೊಳಗೆ ಬರೆ, ಸ್ಟೇಷನ್ನಿಗೆ ನಾನೇ ಬರ್ತೀನಿ. ಆ ದಿನದ ಹೆಸರಿನ ಮೇಲೆ ಅಡ್ಡಸಾಲಿನ ಮಸಿ ಹರಡಿದೆ. ಮಂಗಳವಾರವೋ ಗುರುವಾರವೋ, ಅರ್ಧ ಗಂಟೆ ತಿಣುಕಿದೆ. ಊಹಿಸಿ ಬರೆಯಬಾರದೆಂಬುದು ನಮ್ಮ ನಿಯಮ. ಚೌಕ ಕಂಸದಲ್ಲಿ ಪ್ರಶ್ನೆಚಿಹ್ನೆ ಹಾಕಿ ಕಳಿಸಿದೆ.