ಟಕೆಯೋ ಕನಾಡೆ ಮತ್ತು ಎಲ್‌ಕೆ ಅನ್ನೋ ಎರಡು ಅಕ್ಷರ

ಓಪನ್‌ಸಿವಿ ಅನ್ನೋ, ಕಂಪ್ಯೂಟರಿಗೆ ಚಿತ್ರ ಅರ್ಥ ಮಾಡಿಸೋ ಕೋಡ್ ಲೈಬ್ರರಿ ಹಾಕ್ಕೊಂಡು ವಿಡಿಯೋದಲ್ಲಿ ಏನನ್ನಾದ್ರೂ ಟ್ರ್ಯಾಕ್ ಮಾಡಿರೋರು ಒಂದಲ್ಲ ಒಂದು ಸಲ ಕ್ಯಾಲ್ಕ್‌ಆಪ್ಟಿಕಲ್‌ಫ್ಲೋಪೈರ್‌ಎಲ್‌ಕೆ ಅನ್ನೋ ಉದ್ದ ಹೆಸರಿನ ಫಂಕ್ಷನ್ ಬಳಸೇ ಇರ್ತೀರ. ಕೊನೇಲಿರೋ ಎಲ್ ಅಂದ್ರೆ ಲೂಕಾಸ್, ಕೆ ಅಂದ್ರೆ ಕಂಪ್ಯೂಟರ್ ವಿಷನ್ ಸಂಶೋಧಕ ಟಕೆಯೋ ಕನಾಡೆ. ಈಗ ಹೊಸದಾಗಿ ಈ ಫೀಲ್ಡಿಗೆ ಬರೋರ ಹತ್ರ ಮಾತಾಡಿದ್ರೆ ಆ ಫಂಕ್ಷನ್ನಿನ ಪ್ಯಾರಾಮೀಟರ್ ಎಲ್ಲಾ ಬಾಯಿಪಾಠ ಇರತ್ತೆ, ಕನಾಡೆ ಯಾರು ಅಂತ ಕೇಳಿದ್ರೆ ಮಾತ್ರ ಸುಮ್ನಾಗ್ತಾರೆ. ಅವರ ತಪ್ಪೇನಿಲ್ಲ, ಯಾರೂ ಹೇಳ್ಕೊಟ್ಟಿಲ್ಲ ಅಷ್ಟೇ. ಒಬ್ಬ ಸಂಶೋಧಕರ ಪ್ರಭಾವ ಎಷ್ಟು ಅಂದ್ರೆ ನಾವೆಲ್ಲ ಮೊದಲು ಸೈಟೇಷನ್ ಎಷ್ಟು (ಅಂದ್ರೆ ಬೇರೆ ಪೇಪರ್‌ಗಳು ಎಷ್ಟು ಸಲ ಉಲ್ಲೇಖಿಸಿವೆ), ಅದರಿಂದ ಲೆಕ್ಕ ಹಾಕೋ ಎಚ್-ಇಂಡೆಕ್ಸ್ ಎಷ್ಟು ಅಂತ ನೋಡ್ತೀವಿ, ಕನಾಡೆ ಅವರದ್ದು ಆ ಲೆಕ್ಕದಲ್ಲೂ ದೊಡ್ಡದೇ, ಆದ್ರೆ ಅವರ ಕೆಲಸ ಬಳಸೋರಲ್ಲಿ ಎಷ್ಟೋ ಜನ ಆ ಲೆಕ್ಕಕ್ಕೆ ಬರೋದೇ ಇಲ್ಲ, ಯಾಕಂದ್ರೆ ಲೈಬ್ರರಿ ಫಂಕ್ಷನ್ ಕರೆಯೋರು ಯಾರೂ ಅದರ ಮೂಲವಾದ 1981ರ ಪೇಪರನ್ನ ಸೈಟ್ ಮಾಡ್ತಾ ಕೂರಲ್ಲ. ನನಗೆ ಇದೇ ಅವರ ಅತಿ ದೊಡ್ಡ ಸಾಧನೆ ಅನ್ಸುತ್ತೆ.

ಹುಟ್ಟಿದ್ದು 1945ರಲ್ಲಿ, ಜಪಾನಿನ ಹ್ಯೋಗೋ ಪ್ರಾಂತ್ಯದಲ್ಲಿ. ಓದಿದ್ದು ಕ್ಯೋಟೋ ಯೂನಿವರ್ಸಿಟಿ. ಪಿಎಚ್‌ಡಿಗೆ ಅವರು ತಗೊಂಡ ವಿಷಯ ಕಂಪ್ಯೂಟರಿಗೆ ಮನುಷ್ಯರ ಮುಖ ಗುರುತಿಸೋಕೆ ಕಲಿಸೋದು. 1973ರಲ್ಲಿ! ಆಗ ಡಿಜಿಟಲ್ ಫೋಟೋ ಅನ್ನೋದೇ ಅಪರೂಪ, ಸಾವಿರಾರು ಮುಖ ಎಲ್ಲಿಂದ ತರೋದು? 1970ರ ಒಸಾಕಾ ಎಕ್ಸ್‌ಪೋದಲ್ಲಿ ಕಂಪ್ಯೂಟರ್ ಮುಖ ನೋಡಿ ನಿಮ್ಮ ಸ್ವಭಾವ ಹೇಳತ್ತೆ ಅನ್ನೋ ಒಂದು ಪ್ರದರ್ಶನ ಇತ್ತು, ಅಲ್ಲಿಗೆ ಬಂದ ಜನರ ಮುಖದ ಚಿತ್ರಗಳು ಉಳ್ಕೊಂಡಿದ್ವು, ಅದೇ ಇವರ ಡೇಟಾಸೆಟ್ ಆಯ್ತು. ಒಟ್ಟು 800ಕ್ಕೂ ಹೆಚ್ಚು ಫೋಟೋಗಳ ಮೇಲೆ ಅವರ ಪ್ರೋಗ್ರಾಮ್ ಕಣ್ಣು, ಮೂಗು, ಬಾಯಿ, ಗಲ್ಲದ ಅಂಚು ಎಲ್ಲಿದೆ ಅಂತ ತಾನೇ ಹುಡುಕಿತು. ಆಮೇಲೆ ಆ ಅಳತೆಗಳನ್ನಿಟ್ಕೊಂಡು 20 ಜನರನ್ನ ಗುರುತಿಸೋ ಪ್ರಯೋಗ ಮಾಡಿದ್ರು, 15 ಜನ ಸರಿಯಾಗಿ ಸಿಕ್ಕಿದ್ರು. ಇವತ್ತಿನ ಕಣ್ಣಿಗೆ ಚಿಕ್ಕ ನಂಬರ್. ಆದ್ರೆ ಆ ಪ್ರೋಗ್ರಾಮಲ್ಲಿ ಒಂದು ವಿಷಯ ಇದೆ, ಬಾಯಿ ಅಂದ್ಕೊಂಡ ಜಾಗದಲ್ಲಿ ಬಾಯಿ ಸಿಗ್ಲಿಲ್ಲ ಅಂದ್ರೆ ಹಿಂದೆ ಹೋಗಿ ಬೇರೆ ಸೆಟ್ಟಿಂಗ್ ಇಟ್ಕೊಂಡು ಮತ್ತೆ ಹುಡುಕತ್ತೆ. ಒಂದೇ ಸಲಕ್ಕೆ ಉತ್ತರ ಸಿಕ್ಕೇ ಸಿಗತ್ತೆ ಅನ್ನೋ ನಂಬಿಕೆ ಅವರಿಗೆ ಮೊದಲಿಂದಾನೂ ಇರಲಿಲ್ಲ ಅನ್ಸುತ್ತೆ.

1980ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್‌ಗೆ ಹೋದ್ರು. ಮುಂದಿನ ವರ್ಷವೇ, ವಿದ್ಯಾರ್ಥಿ ಬ್ರೂಸ್ ಲೂಕಾಸ್ ಜೊತೆ ಸೇರಿ ವ್ಯಾಂಕೂವರಲ್ಲಿ ನಡೆದ ಐಜೆಸಿಎಐ ಅನ್ನೋ ಎಐ ಕಾನ್ಫರೆನ್ಸಿಗೆ ಒಂದು ಪೇಪರ್ ಬರೆದ್ರು. ಬರೀ 6 ಪುಟ. ಅಲ್ಲಿ ಅವರು ಬಿಡಿಸ್ತಾ ಇದ್ದಿದ್ದು ವಿಡಿಯೋ ಟ್ರ್ಯಾಕಿಂಗ್ ಕೂಡ ಅಲ್ಲ, ಸ್ಟೀರಿಯೋ, ಅಂದ್ರೆ ಎರಡು ಕ್ಯಾಮೆರಾದ ಚಿತ್ರಗಳನ್ನ ಒಂದಕ್ಕೊಂದು ಹೊಂದಿಸೋದು.

ಅದನ್ನೇ ವಿಡಿಯೋಗೆ ಹಾಕಿ ನೋಡಿದ್ರೆ ಐಡಿಯಾ ಹೀಗಿದೆ. ಒಂದು ಪಿಕ್ಸೆಲ್ ಮುಂದಿನ ಫ್ರೇಮಲ್ಲಿ ಎಲ್ಲಿಗೆ ಹೋಯ್ತು ಅಂತ ಬೇಕು, ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು, ಒಟ್ಟು ಎರಡು ಗೊತ್ತಿಲ್ಲದ ಸಂಖ್ಯೆ. ಹೊಳಪು ಬದಲಾಗಿಲ್ಲ ಅಂತ ಇಟ್ಕೊಂಡ್ರೆ ಒಂದು ಪಿಕ್ಸೆಲ್‌ನಿಂದ ಸಿಗೋದು ಒಂದೇ ಸಮೀಕರಣ, ಸಾಲಲ್ಲ. ಅದಕ್ಕೆ ಸುತ್ತಮುತ್ತ ಒಂದು ಸಣ್ಣ ಕಿಟಕಿ ತಗೊಳ್ಳಿ, ಓಪನ್‌ಸಿವಿಯಲ್ಲಿ ಡೀಫಾಲ್ಟ್ 21 ಇಂಟು 21, ಅದರೊಳಗಿನ ಎಲ್ಲಾ ಪಿಕ್ಸೆಲ್ಲೂ ಒಟ್ಟಿಗೇ ಸರಿದಿವೆ ಅಂದ್ಕೊಳ್ಳಿ, ಈಗ 441 ಸಮೀಕರಣ, ಎರಡೇ ಅಜ್ಞಾತ. ಲೀಸ್ಟ್ ಸ್ಕ್ವೇರ್ಸ್ (ಒಟ್ಟು ತಪ್ಪು ಅತಿ ಕಮ್ಮಿ ಆಗೋ ಉತ್ತರ ಹುಡುಕೋ ವಿಧಾನ) ಹಾಕಿದ್ರೆ ಎಲ್ಲಾ ಕರಗಿ 2 ಇಂಟು 2 ಮ್ಯಾಟ್ರಿಕ್ಸ್, ಅಂದ್ರೆ ಸಂಖ್ಯೆಗಳ ಒಂದು ಸಣ್ಣ ಚೌಕ, ಉಳಿಯತ್ತೆ, ಅಷ್ಟೇ. ಬಂದ ಉತ್ತರದಷ್ಟು ಕಿಟಕಿ ಸರಿಸಿ, ಇನ್ನೂ ಎಷ್ಟು ವ್ಯತ್ಯಾಸ ಉಳಿದಿದೆ ನೋಡಿ, ಮತ್ತೆ ಬಿಡಿಸಿ. ಚಲನೆ ಜಾಸ್ತಿ ಇದ್ರೆ ಮೊದಲು ಮಸುಕು ಮಾಡಿದ ಚಿತ್ರದಲ್ಲಿ ಶುರು ಮಾಡಿ ಆಮೇಲೆ ಸ್ಪಷ್ಟ ಚಿತ್ರಕ್ಕೆ ಬನ್ನಿ ಅನ್ನೋದನ್ನೂ ಅದೇ 6 ಪುಟದಲ್ಲಿ ಹೇಳಿಬಿಟ್ಟಿದಾರೆ.

ಆ 2 ಇಂಟು 2 ಮ್ಯಾಟ್ರಿಕ್ಸ್ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಕಿಟಕಿ ಒಂದು ಖಾಲಿ ಗೋಡೆ ಮೇಲೆ ಕೂತಿದ್ರೆ ಅದರ ಎರಡೂ ಐಗನ್ ವ್ಯಾಲ್ಯೂ (ಎರಡು ದಿಕ್ಕಲ್ಲಿ ಹೊಳಪು ಎಷ್ಟು ಬದಲಾಗತ್ತೆ ಅನ್ನೋ ಅಳತೆ) ಸೊನ್ನೆ ಹತ್ರ ಇರತ್ತೆ, ಏನೂ ಹೇಳೋಕಾಗಲ್ಲ. ಒಂದು ನೇರ ಅಂಚಿನ ಮೇಲಿದ್ರೆ ಒಂದು ಮಾತ್ರ ದೊಡ್ಡದು, ಅಂಚಿಗೆ ಅಡ್ಡವಾಗಿ ಸರಿದಿದ್ದು ಗೊತ್ತಾಗತ್ತೆ, ಅಂಚಿನುದ್ದಕ್ಕೂ ಜಾರಿದ್ರೆ ಗೊತ್ತಾಗಲ್ಲ. ಮೂಲೆ ಸಿಕ್ಕಿದ್ರೆ ಎರಡೂ ದೊಡ್ಡದು, ಆಗ ಆ ಬಿಂದುನ ನಂಬಬಹುದು. ಅಂದ್ರೆ ಉತ್ತರದ ಜೊತೆಗೆ ಆ ಉತ್ತರನ ಎಷ್ಟು ನಂಬಬೇಕು ಅನ್ನೋದನ್ನೂ ಅದೇ ಮ್ಯಾಟ್ರಿಕ್ಸ್ ಹೇಳತ್ತೆ. ಕನಾಡೆ ಅವರ ಇನ್ನೊಬ್ಬ ವಿದ್ಯಾರ್ಥಿ ಕಾರ್ಲೋ ತೊಮಾಸಿ ಇದನ್ನ ಹಿಡ್ಕೊಂಡು ಮುಂದೆ ಹೋದ್ರು, 1994ರಲ್ಲಿ ಶೀ ಮತ್ತು ತೊಮಾಸಿ ಬರೆದ ಪೇಪರಿನ ಹೆಸರೇ ಓಪನ್‌ಸಿವಿಯ ಗುಡ್‌ಫೀಚರ್ಸ್‌ಟುಟ್ರ್ಯಾಕ್ ಫಂಕ್ಷನ್ ಆಗಿದೆ, ಟ್ರ್ಯಾಕ್ ಮಾಡೋಕೆ ಒಳ್ಳೆ ಬಿಂದು ಹುಡುಕೋದು ಅದರ ಕೆಲಸ. ಕನಾಡೆ, ಲೂಕಾಸ್, ತೊಮಾಸಿ ಮೂರೂ ಹೆಸರು ಸೇರಿ ಕೆಎಲ್‌ಟಿ ಟ್ರ್ಯಾಕರ್.

ಅದೇ 1981ರಲ್ಲಿ ಹಾರ್ನ್ ಮತ್ತು ಶುಂಕ್ ಎಂಐಟಿಯಿಂದ ಇದೇ ಸಮಸ್ಯೆಗೆ ಬೇರೆ ದಾರಿ ಕೊಟ್ರು, ಇಡೀ ಚಿತ್ರದ ಚಲನೆ ನಯವಾಗಿ ಬದಲಾಗತ್ತೆ ಅಂತ ಇಟ್ಕೊಂಡು ಎಲ್ಲಾನೂ ಒಟ್ಟಿಗೆ ಬಿಡಿಸೋದು. ಅದೂ ಸುಂದರವಾದ ಕೆಲಸ, ಅದರದ್ದೇ ಒಂದು ಪರಂಪರೆ ಇದೆ. ಆದ್ರೆ ಕಮ್ಮಿ ಪವರ್ ಇರೋ ಪ್ರೊಸೆಸರಲ್ಲಿ ಬೇಕಾದ ನೂರಿನ್ನೂರು ಬಿಂದು ಮಾತ್ರ ಹಿಡ್ಕೊಂಡು ಹೋಗ್ಬೇಕು ಅಂದ್ರೆ ಕೈಗೆ ಬರೋದು ಎಲ್‌ಕೆನೇ.

ತೊಮಾಸಿ ಜೊತೆ 1992ರಲ್ಲಿ ಬಂದ ಫ್ಯಾಕ್ಟರೈಸೇಷನ್ ಪೇಪರ್ ನನ್ನ ಪ್ರಕಾರ ಕನಾಡೆ ಅವರ ಅತಿ ಚಂದದ ಕೆಲಸ. 100 ಫ್ರೇಮ್ ಇದೆ, 50 ಬಿಂದು ಟ್ರ್ಯಾಕ್ ಮಾಡಿದೀರ ಅಂದ್ಕೊಳ್ಳಿ, ಪ್ರತಿ ಬಿಂದುವಿನ ಎಕ್ಸ್ ಮತ್ತು ವೈ ಎಲ್ಲಾ ಪೇರಿಸಿದ್ರೆ 200 ಸಾಲು 50 ಕಾಲಮ್, ಹತ್ತು ಸಾವಿರ ಸಂಖ್ಯೆ. ಪ್ರತಿ ಸಾಲಿನ ಸರಾಸರಿ ಕಳೆದ್ಬಿಟ್ರೆ, ಕ್ಯಾಮೆರಾ ಆರ್ಥೋಗ್ರಾಫಿಕ್ (ದೂರ ಇದ್ರೂ ವಸ್ತು ಚಿಕ್ಕದಾಗಿ ಕಾಣಲ್ಲ) ಅಂತ ಇಟ್ಕೊಂಡ್ರೆ, ನಾಯ್ಸ್ (ಅಳತೆಯ ತಪ್ಪು) ಇಲ್ದಿದ್ರೆ, ಆ ಇಡೀ ಮ್ಯಾಟ್ರಿಕ್ಸಿನ ರ‍್ಯಾಂಕ್ (ಒಂದನ್ನೊಂದು ಅವಲಂಬಿಸದ ಸಾಲುಗಳ ಸಂಖ್ಯೆ) ಬರೀ 3! ಜಗತ್ತಿಗೆ ಮೂರು ಆಯಾಮ ಇರೋದು ನೇರವಾಗಿ ಅಲ್ಲಿ ಬಂದು ನಿಲ್ಲತ್ತೆ. ಎಸ್‌ವಿಡಿ ಅನ್ನೋ ಮ್ಯಾಟ್ರಿಕ್ಸ್ ಒಡೆಯೋ ವಿಧಾನ ಹಾಕಿ ಎರಡಾಗಿ ಒಡೆದ್ರೆ ಒಂದು ಕಡೆ ಕ್ಯಾಮೆರಾ ಹೇಗೆ ತಿರುಗಿತು ಅನ್ನೋದು, ಇನ್ನೊಂದು ಕಡೆ ವಸ್ತುವಿನ ಆಕಾರ, ಇನ್ನೊಂದು ಹೆಜ್ಜೆಯ ತಿದ್ದುಪಡಿ ಬೇಕು ಅಷ್ಟೇ. ಲೀನಿಯರ್ ಆಲ್ಜೀಬ್ರಾ ಯಾಕೆ ಕಲೀಬೇಕು ಅಂತ ಕೇಳೋರಿಗೆಲ್ಲ ನಾನು ಇದನ್ನೇ ತೋರಿಸ್ತೀನಿ.

ಉಳಿದಿದ್ದನ್ನ ಬೇಗ ಹೇಳ್ತೀನಿ, ಯಾಕಂದ್ರೆ ಪಟ್ಟಿ ತುಂಬಾ ಉದ್ದ. ತಾನೇ ಓಡೋ ನ್ಯಾವ್‌ಲ್ಯಾಬ್ ವ್ಯಾನ್‌ಗಳ ಪ್ರಾಜೆಕ್ಟಲ್ಲಿ ಅವರೂ ಇದ್ರು, ಆ ಸಾಲಿನ ಕಾರೊಂದು 1995ರಲ್ಲಿ ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯಾಗೋ ತನಕ ಹೆಚ್ಚುಕಮ್ಮಿ ಪೂರ್ತಿ ದಾರಿ ಸ್ಟೀರಿಂಗ್ ತಾನೇ ತಿರುಗಿಸ್ಕೊಂಡು ಹೋಯ್ತು. ರೋಲಿ, ಬಲುಜಾ ಜೊತೆ ಮಾಡಿದ ನ್ಯೂರಲ್ ನೆಟ್‌ವರ್ಕ್ ಫೇಸ್ ಡಿಟೆಕ್ಟರ್ ಎಷ್ಟು ಹೆಸರಾಗಿತ್ತು ಅಂದ್ರೆ 2001ರಲ್ಲಿ ವಯೋಲಾ ಮತ್ತು ಜೋನ್ಸ್ ತಮ್ಮ ಡಿಟೆಕ್ಟರ್ ಎಷ್ಟು ಫಾಸ್ಟ್ ಅಂತ ತೋರಿಸೋಕೆ ಅದನ್ನೇ ಅಳತೆಗೋಲಾಗಿ ಇಟ್ಕೊಂಡ್ರು. 2001ರ ಅಮೆರಿಕನ್ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಸ್ಟೇಡಿಯಂ ಸುತ್ತ 30ಕ್ಕೂ ಹೆಚ್ಚು ರೋಬೋಟ್ ಕ್ಯಾಮೆರಾ ಇಟ್ಟು ಆಟದ ಒಂದು ಕ್ಷಣನ ಸುತ್ತಲೂ ತಿರುಗಿ ನೋಡೋ ಹಾಗೆ ಮಾಡಿದ ಐವಿಷನ್ ಕೂಡ ಅವರದ್ದೇ. 1992ರಿಂದ 2001ರವರೆಗೆ ಕಾರ್ನೆಗಿ ಮೆಲನ್‌ನ ರೊಬಾಟಿಕ್ಸ್ ಇನ್‌ಸ್ಟಿಟ್ಯೂಟ್ ಡೈರೆಕ್ಟರ್, 2016ರಲ್ಲಿ ಕ್ಯೋಟೋ ಪ್ರೈಜ್.

ಒಂದು ವಿಷಯದಲ್ಲಿ ನನಗೆ ನೆಮ್ಮದಿ ಇಲ್ಲ. ಮುಖ ಗುರುತಿಸೋದು ಇವತ್ತು ಜನರನ್ನ ಕೇಳದೇ ನಿಗಾ ಇಡೋಕೆ ಬಳಕೆ ಆಗ್ತಿದೆ, 2000ದಲ್ಲಿ ಬಂದ ಕೋನ್-ಕನಾಡೆ ಮುಖಭಾವದ ಡೇಟಾಸೆಟ್ ಮನೋವಿಜ್ಞಾನಿಗಳ ಜೊತೆ ಕೂತು ಸ್ನಾಯುಗಳ ಚಲನೆನ ಒಂದೊಂದಾಗಿ ಗುರುತು ಹಾಕಿ ಮಾಡಿದ್ದು, ಅಂಥ ಡೇಟಾ ಹಿಡ್ಕೊಂಡು ಮುಖ ನೋಡಿ ಮನಸ್ಸು ಹೇಳ್ತೀವಿ ಅಂತ ಮಾರೋರು ಆಮೇಲೆ ಬಂದ್ರು. ಒಬ್ಬರ ಪ್ರಭಾವದ ಬಗ್ಗೆ ಬರೀವಾಗ ಇದನ್ನ ಬಿಟ್ಟು ಬರೆದ್ರೆ ಅರ್ಧ ಬರೆದ ಹಾಗೆ.

ಈಗ ಡೀಪ್ ಲರ್ನಿಂಗ್ ಬಂದ ಮೇಲೆ ಇದೆಲ್ಲ ಹಳೇದು ಅಂತಾರೆ. 2020ರಲ್ಲಿ ಬಂದ ರಾಫ್ಟ್ ಅನ್ನೋ ಆಪ್ಟಿಕಲ್ ಫ್ಲೋ (ಪಿಕ್ಸೆಲ್‌ಗಳ ಚಲನೆ ಹುಡುಕೋ) ನೆಟ್‌ವರ್ಕ್ ತೆಗೆದು ನೋಡಿ, ಒಂದು ಅಂದಾಜು ಇಟ್ಕೊಳ್ಳತ್ತೆ, ಆ ಅಂದಾಜಿನ ಸುತ್ತ ಹೋಲಿಕೆ ನೋಡತ್ತೆ, ಸ್ವಲ್ಪ ತಿದ್ದತ್ತೆ, ಮತ್ತೆ ನೋಡತ್ತೆ. ತಿದ್ದೋದು ಹೇಗೆ ಅನ್ನೋದನ್ನ ಡೇಟಾದಿಂದ ಕಲ್ತಿದೆ, ತಿದ್ದುತ್ತಾ ಹೋಗೋ ಆ ಕ್ರಮ ಮಾತ್ರ ಲೂಕಾಸ್ ಕನಾಡೆ ಕಾಲದ್ದೇ. ಡ್ರೋನ್‌ಗಳಲ್ಲಿ ಬಳಸೋ ವಿನ್ಸ್-ಮೊನೋ ಥರದ, ಕ್ಯಾಮೆರಾ ಮತ್ತು ಚಲನೆ ಸೆನ್ಸರಿಂದ ತಾನೆಲ್ಲಿದೀನಿ ಅಂತ ಲೆಕ್ಕ ಹಾಕೋ ಸಿಸ್ಟಮ್‌ಗಳ ಫ್ರಂಟ್ ಎಂಡಲ್ಲಂತೂ, ಅಂದ್ರೆ ಚಿತ್ರ ಓದೋ ಮೊದಲ ಹಂತದಲ್ಲಿ, ಕೆಎಲ್‌ಟಿ ನೇರವಾಗೇ ಕೂತಿದೆ. ಐಜೆಸಿಎಐನ ಹಳೇ ಪೇಪರ್‌ಗಳು ಆನ್‌ಲೈನಲ್ಲಿ ಫ್ರೀಯಾಗಿ ಸಿಗತ್ತೆ, 1981ರದ್ದು ತೆಗೆದು ಆ 6 ಪುಟ ಓದಿ, ಒಂದು ಆಯಾಮದ ಕರ್ವ್ ಒಂದನ್ನ ಪಕ್ಕಕ್ಕೆ ಸರಿಸಿ ವಿವರಿಸ್ತಾರಲ್ಲ, ಅಲ್ಲಿಂದ ಶುರು ಮಾಡಿದ್ರೆ ಉಳಿದಿದ್ದು ತಾನಾಗೇ ಅರ್ಥ ಆಗತ್ತೆ.